ರಟ್ಟಿನ ಟೀವಿ

ಬಸ್ಸಿನ ಸಾಲಿನಲ್ಲಿ ನಿಂತಿದ್ದ ದರ್ಜಿಗೆ, ಮುಂದಿದ್ದ ಅಕ್ಕತಂಗಿಯರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು.

"ಫ್ರಿಜ್ಜಿನ ರಟ್ಟಿನ ಡಬ್ಬ ಕೊಯ್ದು, ಮನೆಮಂದಿಯೆಲ್ಲಾ ಸೇರಿ ಟೀವಿ ಮಾಡಿದ್ವಿ ಕಣೇ," ಎಂದಳು ಅಕ್ಕ. "ಗುಂಡಿ ಅಂಟಿಸಿದ್ದು ನಮ್ಮತ್ತೇನೇ. ಮಗಳು ಒಳಗೆ ಕೂತು ವಾರ್ತೆ ಓದಿದ್ಲು."

"ಚೆನ್ನಾಗೇ ಇದೆಯಲ್ಲ, ಮುಖ ಯಾಕೆ ಸಪ್ಪಗಿದೆ?"

"'ಮುಖ್ಯ ಸುದ್ದಿ. ಅಜ್ಜಿ ಈ ತಿಂಗಳೂ ಚಿಕ್ಕಪ್ಪನ ಮನೆಗೆ ಹೊರಡುವ ಸೂಚನೆ ಇಲ್ಲ. ಅಮ್ಮನಿಗೆ ತಲೆ ಚಿಟ್ಟು ಹಿಡಿದಿದೆ' ಅಂದ್ಲು."

"ಅಯ್ಯೋ! ಅತ್ತೆ ಅಲ್ಲೇ ಇದ್ರಾ?"

"ಎದುರಿಗೇ. ಭೂಮಿ ಬಾಯ್ಬಿಡಬಾರದಾ ಅನ್ನಿಸ್ತು."

"ಏನಂದ್ರು?"

"ಅಷ್ಟರಲ್ಲಿ ಇವಳು 'ಅಮ್ಮ ಇನ್ನೂ ಏನಂದ್ರು ಅಂದ್ರೆ' ಅಂತ ಶುರು ಮಾಡಿದ್ಲು. ಅತ್ತೆ ಮೆಲ್ಲಗೆ ಎದ್ದುಬಂದು, ಆ ಗುಂಡಿ ತಿರುಗಿಸಿ ಟೀವಿ ಆರಿಸಿಬಿಟ್ರು."

ಬಸ್ಸು ಬಂತು. ತಂಗಿ ಅಕ್ಕನ ಕೈಚೀಲ ತಾನೇ ಹಿಡಿದುಕೊಂಡು ಹತ್ತಿದಳು.