ತೀರ್ಥಪ್ಪನ ಒಣಕೆಮ್ಮು

"ಹಲೋ… ಯಾರು ಮಾತಾಡೋದು? … ಹಾಂ, ಶಶಿನಾ? ಇದ್ಯಾವ ನಂಬರೋ? … ಕಡೂರು ಬಸ್‌ಸ್ಟ್ಯಾಂಡಲ್ಲಿ ಇದ್ದೀವಿ ಕಣೋ. ಆಸ್ಪತ್ರೆಯಿಂದ ಈಗ ಬಂದ್ವಿ."

ಕೆಂಚಮ್ಮ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು. ಬೆಳಗ್ಗೆ ತಮ್ಮೂರು ಯಗಟಿ ಬಿಟ್ಟವಳಿಗೆ ಒಂದು ಲೋಟ ಕಾಫಿ ಬಿಟ್ಟರೆ ಬೇರೇನೂ ಹೊಟ್ಟೆಗೆ ಬಿದ್ದಿರಲಿಲ್ಲ. ಪಕ್ಕದಲ್ಲಿ ಗಂಡ ತೀರ್ಥಪ್ಪ ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡು ಕೆಮ್ಮುತ್ತಿದ್ದ. ನಾಲ್ಕು ತಿಂಗಳಿಂದ ಇದೇ ಒಣಕೆಮ್ಮು. ಅಜ್ಜಂಪುರದ ತಮ್ಮ ಶಶಿ ಕೇಳುತ್ತಿದ್ದುದೂ ಅದನ್ನೇ.

"… ಟಿಬಿ ಅಲ್ಲ ಕಣೋ. ಎರಡು ಸಲ ಕಫ ನೋಡಿದ್ರು, ಎಕ್ಸ್‌ರೇನೂ ತೆಗೆದ್ರು. ಏನೂ ಇಲ್ಲ ಅಂತ ಆಗ್ಲೇ ಹೇಳಿದ್ನಲ್ಲ, ಅಲ್ವಾ? … ಎಷ್ಟು ಸಲ ಹೇಳ್ಲಿ?"

ಅವಳು ಸೋತ ದನಿಯಲ್ಲೇ ಎಲ್ಲ ವಿವರಿಸಿದಳು. ಸಿರಪ್ಪು, ಕಷಾಯ, ಮೆಣಸು-ಜೇನು ಯಾವುದಕ್ಕೂ ಬಗ್ಗದ ಕೆಮ್ಮು. ಇವತ್ತಿನ ಡಾಕ್ಟ್ರಮ್ಮ ಮಾತ್ರ, ದಿನಾ ನುಂಗುವ ಮಾತ್ರೆಗಳನ್ನೆಲ್ಲ ಮೇಜಿನ ಮೇಲೆ ಇಡಿಸಿದ್ದರು. ಐದು ತಿಂಗಳ ಹಿಂದೆ ಬಿಪಿಗೆಂದು ಶುರುವಾಗಿದ್ದ ಮಾತ್ರೆಯನ್ನು ಎತ್ತಿಕೊಂಡು, ಇದು ಕೆಲವರಿಗೆ ಒಣಕೆಮ್ಮು ತರುತ್ತದೆ ಎಂದು ಬೇರೆ ಮಾತ್ರೆ ಬರೆದುಕೊಟ್ಟಿದ್ದರು.

"… ಹಾಂ, ಮಾತ್ರೆಯಿಂದಾನೇ. ಯಾರಿಗೂ ಅಂಟಲ್ಲ… ಇವತ್ತೇ ಎಲ್ಲಿ ನಿಲ್ಲುತ್ತೆ? ಮೂರ್ನಾಲ್ಕು ವಾರ ಬೇಕಂತೆ… ಏನು, ಶುಕ್ರವಾರನಾ? ನಿಮ್ಮ ಹೊಸಮನೆ ಗೃಹಪ್ರವೇಶಕ್ಕಾ?"

ಕೆಂಚಮ್ಮ ಗಂಡನ ಕಡೆ ತಿರುಗಿ ನೋಡಿದಳು. ಹೋದ ತಿಂಗಳು ಅಜ್ಜಂಪುರಕ್ಕೆ ಹೋದಾಗ ಅದೇ ತಮ್ಮನ ಹೆಂಡತಿ ತೀರ್ಥಪ್ಪನ ತೊಡೆಯಿಂದ ಮಗುವನ್ನು ಎತ್ತಿಕೊಂಡು ಹೋಗಿದ್ದಳು. ಅವನಿಗೆ ಒಬ್ಬನಿಗೇ ಜಗಲಿಯಲ್ಲಿ ಊಟ ಬಡಿಸಿದ್ದಳು. ಅವನು ತಲೆ ಎತ್ತದೆ ಉಂಡೆದ್ದು ಬಂದಿದ್ದ.

"… ಅವಳ ಮೇಲೆ ಕೋಪ ಇಲ್ಲ ಕಣೋ. ಹಸುಗೂಸು ಇರೋ ಮನೆ, ಭಯ ಇರುತ್ತೆ. ಆದ್ರೆ ನಿಮ್ಮ ಭಾವ ಅವತ್ತಿಂದ ನಮ್ಮನೇಲೂ ತಟ್ಟೆ-ಲೋಟ ಬೇರೆ ಮಾಡ್ಕೊಂಡವ್ರೆ. ನನ್ನ ಜೊತೆ ಕೂತು ಉಣ್ಣಲ್ಲ… ತಪ್ಪಾಯ್ತು ಅಂತ ನಂಗ್ಯಾಕೆ ಹೇಳ್ತೀಯ? ಅವರಿಗೇ ಹೇಳು. ಕೊಡ್ತೀನಿ, ಇರು."

ತೀರ್ಥಪ್ಪ ಬೇಡವೆಂದು ಕೈಯಾಡಿಸಿದ. ಅವಳು ಕೇಳಲಿಲ್ಲ, ಫೋನನ್ನು ಅವನ ಕಿವಿಗೇ ಹಿಡಿದಳು. ಅವನು ಟವೆಲ್ಲನ್ನು ಬಾಯಿಂದ ಸರಿಸಿದ.

"… ಹಾಂ… ಇರ್ಲಿ ಬಿಡಯ್ಯ, ಆಗಿದ್ದಾಯ್ತು… ಶುಕ್ರವಾರ ಬ್ಯಾಡ. ನಾನು ಕೆಮ್ತಾ ಕೂತ್ರೆ ಬಂದ ನೆಂಟರೆಲ್ಲ ಎದ್ದು ಹೋಗ್ತಾರೆ. ನಿಂತ ಮೇಲೆ ಬತ್ತೀನಿ… ಮಗೂನ ಒಂದು ಗಳಿಗೆ ಕೈಗೆ ಕೊಡ್ತೀಯಾ? … ಹಾಂ? … ಅವಳೇ ಕೊಡ್ತೀನಿ ಅಂದ್ಲಾ? ಹಂಗಾದ್ರೆ ಶುಕ್ರವಾರಾನೇ…"

ಅಷ್ಟರಲ್ಲಿ ಕೆಮ್ಮು ಒತ್ತರಿಸಿ ಬಂತು. ಅದು ಇಳಿದು, ಅವನು ಮತ್ತೆ ಹಲೋ ಅನ್ನುವಷ್ಟರಲ್ಲಿ ಲೈನು ಕಟ್ಟಾಗಿತ್ತು.