ಬೀಗಿತ್ತಿಗಾಗಿ ಕಲಿತ ಬೆಲಾರುಸಿ

ನಮ್ಮ ಕನ್ನಡ ಬಳಗದ ಅಧ್ಯಕ್ಷರಾದ ಮಹಾಬಲೇಶ್ವರ ಅವರೇ, ರಾಟರ್‌ಡ್ಯಾಮಿನಿಂದ ರೈಲು ಬದಲಿಸಿ ಬದಲಿಸಿ ನೈಮೆಗನ್ನಿಗೆ ಬಂದು ಮುಟ್ಟಿರುವ ಮುಖ್ಯ ಅತಿಥಿ ಡಾಕ್ಟರ್ ಉಷಾ ಅವರೇ, ಮುಂದಿನ ಸಾಲಿನ ಹಿರಿಯರೇ, ಹಿಂದಿನ ಸಾಲಿನಲ್ಲಿ ಬಿಸಿಬೇಳೆಬಾತಿನ ವಾಸನೆಗೆ ಆಗಲೇ ಬಾಗಿಲ ಕಡೆ ತಿರುಗಿ ಕುಳಿತಿರುವ ಸಭಿಕರೇ,

ಈ ಭಾಷಣವನ್ನು ನಾನು ಬರೆದುಕೊಂಡು ಬಂದಿದ್ದೇನೆ. ಬಾಯಿಗೆ ಬಿಟ್ಟರೆ ನಾಲ್ಕು ಮಾತಿಗೆ ಎರಡು ಬೈಗುಳ ಬರುತ್ತವೆ ಎಂದು ನನ್ನ ಮಗ ಶಶಿಕಾಂತ ಹೆದರಿದ್ದಾನೆ. ಅವನ ಹೆದರಿಕೆ ಸುಳ್ಳಲ್ಲ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟು ಬೈಲಹೊಂಗಲದ ನಮ್ಮ ಖಾನಾವಳಿಯ ಒಲೆಯ ಮುಂದೆ ಕುಳಿತವಳು ನಾನು. ಗಿರಾಕಿಗಳು ಬಿಟ್ಟುಹೋದ ಪೇಪರು ಓದಿ ಓದಿ ಇಷ್ಟು ಬರೆಯುವುದು ಬಂದಿದೆ. ತಪ್ಪಿದ್ದರೆ ಪೇಪರಿನವರನ್ನು ಕೇಳಿ.

ಆಹ್ವಾನ ಪತ್ರಿಕೆಯಲ್ಲಿ ‘ಬಹುಭಾಷಾ ಪ್ರವೀಣೆ ಅನ್ನಪೂರ್ಣವ್ವನವರಿಗೆ ಸನ್ಮಾನ’ ಎಂದು ಅಚ್ಚು ಹಾಕಿಸಿದ್ದೀರಿ. ಯಾರು ಹೇಳಿದರು ನಿಮಗೆ? ಈ ದೇಶಕ್ಕೆ ಬಂದು ನನಗೆ ಇನ್ನೂ ಮೂರು ತಿಂಗಳು ತುಂಬಿಲ್ಲ. ಡಚ್ಚರ ಭಾಷೆಯಲ್ಲಿ ಬಸ್ಸಿನ ಬಾಗಿಲು ತೆರೆಯಿರಿ ಎನ್ನುವುದಕ್ಕೂ ನನಗೆ ಬರುವುದಿಲ್ಲ. ಬೆಲಾರುಸಿ ಭಾಷೆ ಬರುತ್ತದೆಯೇ ಎಂದರೆ, ಕೋಳಿಗೆ ಹಾರುವುದು ಬರುತ್ತದಲ್ಲ, ಅಷ್ಟು ಬರುತ್ತದೆ. ಬೇಲಿ ದಾಟುವಷ್ಟು. ಆ ಬೇಲಿ ಯಾವುದು ಎಂದು ಹೇಳಿ ಕೂತುಬಿಡುತ್ತೇನೆ.

ನನ್ನ ಸೊಸೆ ಅಲೆಸ್ಯಾ ಬೆಲಾರುಸ್ ದೇಶದವಳು. ಪೋಲೆಂಡ್ ದಾಟಿದರೆ ಆ ದೇಶ ಸಿಗುತ್ತದಂತೆ. ಇಲ್ಲಿಯ ವಿಶ್ವವಿದ್ಯಾಲಯದಲ್ಲಿ ಮಗನ ಜೊತೆ ಓದಿದಳು, ಮದುವೆಯಾದಳು, ಬಸುರಿಯಾದಳು. ನಾನು ಕೇಳುತ್ತೇನೆ, ಮೊದಲ ಹೆರಿಗೆ, ಬಾಣಂತನ ಯಾರ ಹಕ್ಕು? ತವರಿನವರದು. ಬೆಲಾರುಸ್ ಆದರೇನು, ಬೈಲಹೊಂಗಲವಾದರೇನು? ಅದಕ್ಕೆಂದೇ ಅವಳ ತಾಯಿ ಹ್ರೋದ್ನಾ ಎಂಬ ಊರಿನಿಂದ ಬಂದಿದ್ದರು. ಹೆಸರು ಹಾಲಿನಾ. ಫೋನಿನಲ್ಲಿ ಮೊದಲು ಕೇಳಿದಾಗ, ‘ಹಾಲಿನ ಏನೋ? ಹಾಲಿನ ಕೆನಿ ಏನು?’ ಎಂದು ಮಗನಿಗೆ ಕೇಳಿ ಬೈಸಿಕೊಂಡಿದ್ದೆ. ಅವರು ಬಂದ ಮೇಲೆ ನಾನು ಬಂದೆ, ಕೈಯಾಸರೆಗೆ ಇರಲಿ ಎಂದು.

ನಾನು ಬಂದ ದಿನ ಆ ಹೆಣ್ಣುಮಗಳು ಬಾಗಿಲಲ್ಲಿ ನಿಂತಿದ್ದರು. ಎರಡೂ ಕೈಯ ಮೇಲೆ ಕೆಂಪು ದಾರದ ಕಸೂತಿಯ ವಸ್ತ್ರ. ನಮ್ಮ ಧಾರವಾಡದ ಕಸೂತಿಯವರು ನಿಂತು ನೋಡಬೇಕು, ಹಾಗಿತ್ತು. ಅದರ ಮೇಲೆ ಗುಂಡನೆಯ ಕಪ್ಪು ಬ್ರೆಡ್ಡು. ಬ್ರೆಡ್ಡಿನ ನಡುವೆ ಸಣ್ಣ ಬಟ್ಟಲು, ಬಟ್ಟಲಲ್ಲಿ ಉಪ್ಪು. ನಗುತ್ತ ನನ್ನ ಕಡೆ ಚಾಚಿದರು.

ಉಪ್ಪು! ಯಾರಾದರೂ ಉಪ್ಪನ್ನು ಕೈಯಿಂದ ಕೈಗೆ ಇಸಿದುಕೊಳ್ಳುತ್ತಾರೆಯೇ? ಇಲ್ಲಿರುವ ಹೆಣ್ಣುಮಕ್ಕಳು ಹೇಳಿರಿ. ನಾನು ಎರಡೂ ಕೈ ಹಿಂದೆ ಎಳೆದುಕೊಂಡೆ. ‘ಕೈಯಾಗಿಂದ ಉಪ್ಪ ಇಸ್ಕೊಂಡ್ರ ಜಗಳ ಹತ್ತತಾವು. ಕೆಳಗ ಇಡಂತ ಹೇಳೋ’ ಎಂದೆ. ನನ್ನ ಮಗ ಹೇಳಲಿಲ್ಲ, ಮಾಡಿಯೇ ತೋರಿಸಿದ. ಕಂಪ್ಯೂಟರಿಗೆ ಕೂದಲಿಗಿಂತ ಸಣ್ಣ ಚಿಪ್ಪು ಮಾಡುವ ಇಂಜಿನಿಯರ್ ಅವನು. ಅವರ ಕೈಯಿಂದ ವಸ್ತ್ರ, ಬ್ರೆಡ್ಡು, ಬಟ್ಟಲು ಎಲ್ಲವನ್ನೂ ತೆಗೆದುಕೊಂಡು ನೆಲದ ಮೇಲೆ ಇಟ್ಟ. ಎಲ್ಲಿ? ಕಾಲೊರಸಿನ ಮೇಲೆ. ನಾನು ಆಗಷ್ಟೇ ಬಿಟ್ಟ ಚಪ್ಪಲಿಗಳ ಪಕ್ಕದಲ್ಲಿ.

ನಾನು ಬಗ್ಗಿ ಎತ್ತಿಕೊಂಡೆ, ಸಂತೋಷದಿಂದಲೇ ಎತ್ತಿಕೊಂಡೆ. ತಲೆ ಎತ್ತಿ ನೋಡಿದರೆ ಬೀಗಿತ್ತಿಯ ಮುಖದಲ್ಲಿ ರಕ್ತವಿರಲಿಲ್ಲ. ಸೊಸೆ ಓಡಿಬಂದು ಅವರಿಗೆ ಏನೋ ತಿಳಿಸಿ ಹೇಳಿದಳು. ತಿಳಿಸಿದ ಮೇಲೆ ಇನ್ನೂ ಕೆಟ್ಟಿತು. ‘ಉಪ್ಪು ತಗೊಂಡ್ರೆ ಜಗಳ ಅಂದ್ರೇನು, ನಾನೇನು ಇವರ ಜೊತೆ ಜಗಳಕ್ಕೆ ಬಂದೀನೇನು’ ಎಂದು ಕೇಳಿದರಂತೆ. ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಅಂದಿನಿಂದ ಒಂದು ಅಡಿಗೆಮನೆ, ಎರಡು ದೇಶ. ಅವರು ಆ ಕಡೆ ಬುಲ್ಬಾ ಸುಲಿಯುವರು. ಬುಲ್ಬಾ ಎಂದರೆ ಆಲೂಗಡ್ಡೆ. ನಾನು ಈ ಕಡೆ ರೊಟ್ಟಿ ಬಡಿಯುವವಳು. ನಾನು ಕಿಟಕಿ ತೆರೆದರೆ ಬಸುರಿಗೆ ಗಾಳಿ ತಾಗುತ್ತದೆ ಎಂದು ಅವರು ಮುಚ್ಚುವರು. ಅವರು ಮುಚ್ಚಿದರೆ ಒಗ್ಗರಣೆಯ ಘಾಟಿಗೆ ಬಸುರಿ ಕೆಮ್ಮುತ್ತಾಳೆ ಎಂದು ನಾನು ತೆರೆಯುವವಳು. ನಡುವೆ ಆ ಹುಡುಗಿ ಹೊಟ್ಟೆ ಹೊತ್ತುಕೊಂಡು ಒಮ್ಮೆ ನನ್ನ ಮುಖ, ಒಮ್ಮೆ ಅವರ ಮುಖ ನೋಡುತ್ತಿದ್ದಳು.

ಶನಿವಾರಗಳಂದು ಇಲ್ಲಿಯ ಗ್ರಂಥಾಲಯದ ಮಹಡಿಯ ಮೇಲೆ ಬೆಲಾರುಸಿ ಕಲಿಸುತ್ತಾರೆ. ಯಾನಿನಾ ಎಂಬ ಹುಡುಗಿ ಕಲಿಸುವುದು. ಆ ದೇಶದ ಹೆಣ್ಣುಮಕ್ಕಳನ್ನು ಮದುವೆಯಾಗಿ ಅತ್ತೆಗೆ ಹೆದರಿದ ಗಂಡಸರೇ ಅಲ್ಲಿ ಹೆಚ್ಚು. ನನ್ನ ಮಗನೂ ಅವರಲ್ಲಿ ಒಬ್ಬ. ಅವನು ನನ್ನನ್ನು ಜೊತೆಗೆ ಕರೆದೊಯ್ದ. ಕಲಿಯಲಿ ಎಂದಲ್ಲ. ನಮ್ಮಿಬ್ಬರನ್ನೂ ಒಂದೇ ಮನೆಯಲ್ಲಿ ಬಿಟ್ಟು ಹೋಗಲು ಅವನಿಗೆ ಧೈರ್ಯವಿರಲಿಲ್ಲ.

ಡೋಬ್ರಿ ಜೆನ್ ಎಂದರೆ ನಮಸ್ಕಾರ. ಜ್ಯಾಕುಯ್ ಎಂದರೆ ಉಪಕಾರವಾಯಿತು. ಸ್ಮಾಚ್ನಾ ಎಂದರೆ ರುಚಿಯಾಗಿದೆ. ಹೀಗೆ ಹೋಗುತ್ತಿತ್ತು ಪಾಠ, ಮಗ ಕಿವಿಯಲ್ಲಿ ಕನ್ನಡಕ್ಕೆ ತರುತ್ತಿದ್ದ. ಬೀಗಿತ್ತಿಗೆ ಒಂದು ಶಬ್ದವಿದೆಯೇ ಎಂದು ನಾನು ಕೇಳಿಸಿದೆ. ಪಕ್ಕದಲ್ಲಿದ್ದ ಡಚ್ಚಪ್ಪನಿಗೆ ನಾನು ಕೇಳಿದ್ದು ಏನೆಂದೇ ತಿಳಿಯಲಿಲ್ಲ. ‘ಸೊಸೆಯ ತಾಯಿ ನಿಮಗೆ ಏನೂ ಆಗಬೇಕಾಗಿಲ್ಲವಲ್ಲ’ ಎಂದ. ಅವನ ಭಾಷೆಯಲ್ಲಿ ಆಕೆ ಏನೂ ಅಲ್ಲವಂತೆ! ಯಾನಿನಾ ಮಾತ್ರ ನಗುತ್ತ ಹೇಳಿದಳು: ಸ್ವಾತ್ಸ್ಯಾ. ಅವರಲ್ಲಿಯೂ ಬೀಗಿತ್ತಿ ಇದ್ದಾಳೆ. ನನಗೆ ಆ ದೇಶದ ಮೇಲೆ ಸ್ವಲ್ಪ ಮರ್ಯಾದೆ ಹುಟ್ಟಿತು.

ಮುಂದಿನ ಪಾಠ, ಮನೆಗೆ ಬಂದವರನ್ನು ಎದುರುಗೊಳ್ಳುವುದು. ಬ್ರೆಡ್ಡು, ಉಪ್ಪು ಹಿಡಿದು ನಿಲ್ಲುವುದು ಅವರ ದೊಡ್ಡ ಮರ್ಯಾದೆಯಂತೆ. ಬಂದವರು ಒಂದು ಚೂರು ಮುರಿದು ಉಪ್ಪಿಗೆ ಹಚ್ಚಿ ತಿನ್ನಬೇಕಂತೆ. ಬ್ರೆಡ್ಡು ಕೈಜಾರಿ ನೆಲಕ್ಕೆ ಬಿದ್ದರೆ, ನಾವು ಅನ್ನವನ್ನು ಕಣ್ಣಿಗೆ ಒತ್ತಿಕೊಳ್ಳುವ ಹಾಗೆ, ಎತ್ತಿ ಮುತ್ತು ಕೊಡುತ್ತಾರಂತೆ. ನಾನು ಮಗನ ಮುಖ ನೋಡಿದೆ, ಮಗ ಮೇಜು ನೋಡಿದ. ‘ಇದನ್ನ ಮೊದಲನೇ ದಿನಾನ ಹೇಳಬಾರದೇನವಾ? ನಿನ್ನ ಡೋಬ್ರಿ ಜೆನ್ ತಗೊಂಡು ನಾ ಏನ್ ಸುಡ್ಲಿ?’ ಎಂದು ಆ ಹುಡುಗಿಯ ಮೇಲೆ ಹರಿಹಾಯ್ದೆ. ಪಾಪ, ಅವಳೇನು ಮಾಡಿಯಾಳು!

ಮನೆಗೆ ಬಂದು ಒಲೆಯ ಮುಂದೆ ನಿಂತು, ‘ಪ್ರಬಾಚ್, ಸ್ವಾತ್ಸ್ಯಾ’ ಎಂದೆ. ತಪ್ಪಾಯಿತು ಎಂದು ಅರ್ಥ. ನನ್ನ ಗಂಡನಿಗೂ ನಾನು ಆ ಮಾತು ಅಂದವಳಲ್ಲ. ಬೀಗಿತ್ತಿ ತಲೆ ಎತ್ತದೆ, ‘ನಿಚೋಹಾ’ ಎಂದು ಬುಲ್ಬಾ ಸುಲಿದರು. ನಿಚೋಹಾ ಎಂದರೆ ಏನೂ ಇಲ್ಲ. ಹೆಂಗಸು ಏನೂ ಇಲ್ಲ ಎಂದರೆ ಏನೆಲ್ಲ ಇರುತ್ತದೆ ಎಂದು ಇಲ್ಲಿರುವ ಗಂಡಸರಿಗೆ ನಾನು ಹೇಳಬೇಕೇ? ಆ ವಾರವೇ ಅವರು ಪೋಲೆಂಡಿನ ವಾರ್ಸಾಕ್ಕೆ ಹೋಗುವ ಬಸ್ಸಿಗೆ ಟಿಕೆಟ್ ತೆಗೆಸಿದರು. ಹೆರಿಗೆಗೆ ಮೊದಲೇ ಊರಿಗೆ. ಅಲೆಸ್ಯಾ ಅತ್ತಳು, ಶಶಿಕಾಂತ ಕೈಮುಗಿದ, ಅವರು ಕೇಳಲಿಲ್ಲ. ತಾಯಿ ಬದುಕಿದ್ದೂ ಮಗಳು ತಾಯಿಯಿಲ್ಲದೆ ಹೆರಬೇಕೇ? ಅದೂ ನನ್ನ ಮನೆಯಲ್ಲಿ? ನನಗೆ ಅನ್ನ ಇಳಿಯಲಿಲ್ಲ.

ಅದರ ನಡುವೆ ಬಂದದ್ದು ಪ್ರಯಾಣದ ಪಾಠ. ಊರಿಗೆ ಹೊರಡುವ ಮೊದಲು ಮನೆಯವರೆಲ್ಲ ಒಂದು ಗಳಿಗೆ ಸುಮ್ಮನೆ ಕೂಡಬೇಕು. ಹಿರಿಯರು ಮೊದಲು ಏಳಬೇಕು. ಅವರು ಏಳುವ ತನಕ ಉಳಿದವರು ಏಳುವ ಹಾಗಿಲ್ಲ. ‘ಹಿರಿಯರಿಗೆ ನಿದ್ದೆ ಹತ್ತಿದರೆ?’ ಎಂದು ಡಚ್ಚಪ್ಪ ಕೇಳಿದ, ಎಲ್ಲರೂ ನಕ್ಕರು. ನಾನು ನಗಲಿಲ್ಲ. ವಯಸ್ಸು ಕೇಳುವುದನ್ನು ಹೇಳಿಕೊಡು ಎಂದೆ. ಕಲಿತುಕೊಂಡು ಹೋಗಿ ಬೀಗಿತ್ತಿಯನ್ನು ಕೇಳಿದೆ. ಸಿಟ್ಟಿನಲ್ಲೇ ಹೇಳಿದರು. ನನಗಿಂತ ಚಿಕ್ಕವರು.

ಹೊರಡುವ ದಿನ ಬಂತು. ಬೀಗಿತ್ತಿ ಕೋಟು ಹಾಕಿಕೊಂಡು, ಪೆಟ್ಟಿಗೆ ಬಾಗಿಲಿಗಿಟ್ಟು, ಬೆಂಚಿನ ಮೇಲೆ ಕುಳಿತರು. ಸೊಸೆ ಕುಳಿತಳು. ಮಗ ಕಾರಿನ ಕೀಲಿ ಹಿಡಿದು ಮೆಟ್ಟಿಲ ಮೇಲೆ ಕುಳಿತ. ನಾನು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತೆ. ಸುಮ್ಮನೆ ಕುಳಿತೆವು. ಗಳಿಗೆ ಮುಗಿಯಿತು. ನಾನು ಏಳಲಿಲ್ಲ.

‘ಯವ್ವಾ, ಏಳು. ಬಸ್ ಹೋಗ್ತದ.’

‘ಹೋಗ್ಲಿ.’

‘ಏನ್ ಹುಡುಗಾಟ ಹಚ್ಚೀದಿ?’

‘ಹಿರ್ಯಾರು ಮೊದಲ ಏಳಬೇಕಂತ ಹೇಳಿಲ್ಲ ನಿಮ್ಮ ಟೀಚರಮ್ಮ? ನಾ ಹಿರ್ಯಾಕಿ. ನಾ ಏಳಂಗಿಲ್ಲ.’

ಸೊಸೆ ಅಳುತ್ತ ನಗುತ್ತ ತಾಯಿಗೆ ಅದನ್ನು ಹೇಳಿದಳು. ಬೀಗಿತ್ತಿ ಅರ್ಧ ಎದ್ದರು. ಮತ್ತೆ ಕುಳಿತರು. ಪದ್ಧತಿ ನೋಡಿ, ಮುರಿಯಲು ಅವರಿಗೂ ಮನಸ್ಸು ಬರಲಿಲ್ಲ. ‘ಉಸ್ತಾವಾಯ್, ಸ್ವಾತ್ಸ್ಯಾ’ ಎಂದರು. ಏಳು ಬೀಗಿತ್ತಿ ಎಂದು. ಅವರ ಬಾಯಲ್ಲಿ ಆ ಶಬ್ದ ನನಗೆ ಸಿಕ್ಕಿದ್ದು ಅದೇ ಮೊದಲು.

‘ನ್ಯೆ’ ಎಂದೆ. ಇಲ್ಲ ಎಂದು ಅರ್ಥ. ಇದಕ್ಕಿಂತ ದೊಡ್ಡ ಬೆಲಾರುಸಿ ನನಗೆ ಬೇಕಾಗಲಿಲ್ಲ.

ಬಸ್ಸು ಹೋಯಿತು. ಬೀಗಿತ್ತಿ ಉದ್ದಕ್ಕೆ ಏನೋ ಅಂದರು. ‘ಈ ಮುದುಕಿಯ ತಲೆ ಕಲ್ಲು, ಆದರೆ ನಮ್ಮ ಪದ್ಧತಿ ಗೊತ್ತಿರುವ ಕಲ್ಲು’ ಎಂದರಂತೆ. ಪ್ರಯಾಣವೇ ಇಲ್ಲವಾದ ಮೇಲೆ ಎದ್ದು ಕೋಟಿನ ಗುಂಡಿ ಬಿಚ್ಚಿದರು. ಅಷ್ಟರಲ್ಲಿ ನನ್ನ ಮೊಣಕಾಲು ಹಿಡಿದುಕೊಂಡಿತ್ತು, ಏಳಬೇಕೆಂದರೂ ಏಳಲಾಗಲಿಲ್ಲ. ಅವರೇ ಎರಡೂ ಕೈ ಹಿಡಿದು ಎಬ್ಬಿಸಿದರು.

ಮುಂದಿನ ವಾರ ಮೊಮ್ಮಗಳು ಹುಟ್ಟಿದಳು. ಶರಣ್ಯಾ ಎಂದು ಹೆಸರಿಟ್ಟೆವು. ಬಾಣಂತನವನ್ನು ತವರಿನವರೇ ಮಾಡಿದರು. ಕಿಟಕಿಯ ಜಗಳ ನಿಂತಿದೆಯೇ ಎಂದರೆ, ನಿಂತಿಲ್ಲ. ಈಗ ಅವರು ಕನ್ನಡದಲ್ಲಿ ‘ಮುಚ್ಚು’ ಎನ್ನುತ್ತಾರೆ. ಸನ್ಮಾನ ಮಾಡುವುದಿದ್ದರೆ ಅವರಿಗೂ ಒಂದು ಹಾರ ತರಿಸಬೇಕಾಗಿತ್ತು, ಅಧ್ಯಕ್ಷರೇ. ಇಂದು ಅವರು ಕೂಸಿನ ಬಳಿ ಉಳಿದಿದ್ದಾರೆ. ಪೆಟ್ಟಿಗೆ ಕಟ್ಟುವುದೂ ಇದೆ.

ಹೌದು, ಅವರ ವೀಸಾ ಮುಗಿಯಿತು. ನಾಳೆ ಬೆಳಿಗ್ಗೆ ಹೊರಡುತ್ತಾರೆ. ಜಗಳವಿಲ್ಲ, ಸಿಟ್ಟಿಲ್ಲ, ಹೊರಡಲೇಬೇಕು. ನಾಳೆ ನಾವೆಲ್ಲ ಮತ್ತೆ ಬಾಗಿಲ ಬಳಿ ಕೂಡುತ್ತೇವೆ, ಕೂಸನ್ನೂ ಮಡಿಲಲ್ಲಿ ಹಾಕಿಕೊಂಡು. ಈ ಸಲ ನಾನೇ ಮೊದಲು ಏಳಬೇಕು. ನಾನು ಏಳದಿದ್ದರೆ ಅವರಿಗೆ ದಾರಿಯಿಲ್ಲ. ಎರಡು ದಿನದಿಂದ ಅದನ್ನೇ ಯೋಚಿಸುತ್ತಿದ್ದೇನೆ. ಮೊಣಕಾಲಿನ ಮಾತಲ್ಲ ಇದು. ಯಾನಿನಾ ಹೇಳಿಕೊಟ್ಟ ಪಾಠಗಳಲ್ಲಿ ಇದೊಂದು ನನಗೆ ಬರುವುದಿಲ್ಲ.

ಇಷ್ಟು ಹೊತ್ತು ನನ್ನ ಬಾಯಿ ಸಹಿಸಿದ ನಿಮಗೆಲ್ಲ ಉಪಕಾರ. ಊಟ ಆರುತ್ತಿದೆ, ಹೋಗಿ ತಿನ್ನಿರಿ. ಜ್ಯಾಕುಯ್. ನಮಸ್ಕಾರ.