ಸರಾಸರಿ ನಾಲ್ಕು ತಾಸು

ಗಂಡನನ್ನು ಬೈಪಾಸ್ ಆಪರೇಷನ್ನಿಗೆ ಒಳಗೆ ಕರೆದೊಯ್ದಾಗಿನಿಂದ ಸುಭದ್ರಾಬಾಯಿಯ ಕಣ್ಣು ಗೋಡೆಯ ಬೋರ್ಡಿನ ಮೇಲೇ ಇತ್ತು. ಬೈಪಾಸಿಗೆ ಸರಾಸರಿ ನಾಲ್ಕು ತಾಸು ಎಂದಿತ್ತು. ಅಷ್ಟು ಹೊತ್ತು ಕಳೆದರೆ ಸಾಕೆಂದುಕೊಂಡಿದ್ದಳು. ಹೈದರಾಬಾದಿನ ಆ ಆಸ್ಪತ್ರೆಯ ತೆಲುಗಿನ ನಡುವೆ ಪಕ್ಕದಲ್ಲಿ ಕನ್ನಡ ಕೇಳಿಸಿತು. ಚಪ್ಪಲಿ ಬಿಟ್ಟು ಕಾಲು ಮಡಚಿ ಕೂತ ಅಕ್ಕ, ಕೂರಲಾಗದ ತಮ್ಮ.

"ಅಕ್ಕಾ, ಒಳಗ ಒಯ್ದು ಐದೂವರಿ ತಾಸಾತು. ಅಪ್ಪಾಜಿಗೆ ಏನೋ ಆಗೇತಿ."

"ಯಾಕ ಹಂಗಂತೀ?"

"ಬೋರ್ಡ್ ನೋಡು. ನೂರು ಮಂದಿದು ನೋಡಿ ತಗದ ಸರಾಸರಿ. ಕಾಲು ತಾಸು ಆಚೀಚೆ ಅಷ್ಟ, ತೊಂಬತ್ತೈದು ಪರ್ಸೆಂಟ್ ಖಾತ್ರಿ ಅಂತ ಬರದಾರ."

"ಆ ಕಾಲು ತಾಸು ಸರಾಸರಿಗೆ, ತಮ್ಮಾ. ಒಬ್ಬೊಬ್ಬರಿಗೆ ಮೂರೂ ಆಗಬಹುದು, ಏಳೂ ಆಗಬಹುದು."

"ಮತ್ತ ಅಪ್ಪಾಜಿಗೆ ಎಷ್ಟು?"

"ಅದನ್ನ ಆ ಬೋರ್ಡ್ ಹೇಳಂಗಿಲ್ಲ."

"ನಿನಗ ಹೆದರಿಕಿ ಆಗವಲ್ದೇನು?"

"ಕಾಲೇಜಿನ್ಯಾಗ ಇದನ್ನ ಕಲಿಸಾಕಿ ನಾನು. ಸುಮ್ನ ಕುಂದ್ರು."

ಬಾಗಿಲು ತೆರೆಯಿತು. "ಹನುಮಂತರಾಯಗಾರಿ ವಾಳ್ಳು ಎವರಂಡಿ?" ಎಂದು ನರ್ಸ್ ಕೂಗಿದಳು.

ಅಪ್ಪನ ಹೆಸರು ಕೇಳಿದ್ದೇ ಅಕ್ಕ ತಮ್ಮ ಇಬ್ಬರೂ ಓಡಿದರು.

ಸುಭದ್ರಾಬಾಯಿ ಬೋರ್ಡಿನಿಂದ ಕಣ್ಣು ಕಿತ್ತು ಕೆಳಗೆ ನೋಡಿದಳು. ಅಕ್ಕನ ಚಪ್ಪಲಿಗಳು ಎರಡೂ ಕುರ್ಚಿಯ ಕೆಳಗೇ ಇದ್ದವು.